ದಿನಕ್ಕೊಂದು ಸಲ ಮುಖ ತೋರಿಸಿ

ಮೊನ್ನೆ ಭಾನುವಾರ ಕಾಯಿ ಇಳಿಸೋಣವೆಂದು ಅಟ್ಟ ಹತ್ತಿದಾಗ ಮೂಲೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬುಟ್ಟಿ ಸಿಕ್ಕಿತು. ದೊಡ್ಡ ಅಂಗಡಿಗಳಲ್ಲಿ ಸಾಮಾನು ಆರಿಸಿ ತುಂಬಿಕೊಳ್ಳಲು ಕೊಡುತ್ತಾರಲ್ಲ, ಅಂಥದ್ದು. ಹಿಡಿ ಮುರಿದ ಕಡೆ ತೆಂಗಿನ ನಾರಿನ ಹಗ್ಗ ಬಿಗಿದಿತ್ತು. ಒಳಗೆ ಎಂದೋ ಇಟ್ಟು ಮರೆತ ಕೊಬ್ಬರಿ ಗಿಟುಕುಗಳು, ಮೂಗಿಗೆ ಬಡಿಯುವ ಹಳೇ ಎಣ್ಣೆಯ ಕಮಟು. ಆ ಗಂಟು ಹಾಕಿದ ಕೈ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಕಾಯಿ ಇಳಿಸುವುದನ್ನು ಬಿಟ್ಟು ಏಣಿಯ ಮೇಲೆಯೇ ಸ್ವಲ್ಪ ಹೊತ್ತು ಕೂತೆ...

ಅವಳನ್ನು ನಾವೆಲ್ಲ ಅಂಗಡಿ ಅಕ್ಕ ಎನ್ನುತ್ತಿದ್ದೆವು. ಅವಳಿಗಿಂತ ಹಿರಿಯಳಾದ ನನ್ನಮ್ಮನೂ ಹಾಗೇ ಕರೆಯುತ್ತಿದ್ದಳು. ತಿಪಟೂರಿನ ರೈಲು ಗೇಟಿನ ಆಚೆಗಿರುವ ನಮ್ಮ ಬೀದಿಯಲ್ಲಿ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಅವಳ ಅಂಗಡಿ. ಬೆಳಗ್ಗೆ ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಳೆಂದರೆ ಬೀದಿಗೆ ಬೆಳಗಾಯಿತೆಂದು ಅರ್ಥ. ಬಾಯಿ ಜೋರು. ಬೇಳೆ ಕೇಳಿದರೆ ಬೇಳೆಯ ಜೊತೆ ನಾಲ್ಕು ಮಾತನ್ನೂ ಕಟ್ಟಿಕೊಡುತ್ತಿದ್ದಳು. ತೂಕ ಮುಗಿದ ಮೇಲೆ ಕೊಸರೆಂದು ಮೇಲೊಂದು ಹಿಡಿ ಹಾಕುತ್ತಿದ್ದಳು. ಆ ಹಿಡಿ ಬೀಳುವ ತನಕ ನನ್ನಮ್ಮ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಕೊಬ್ಬರಿ ಮಂಡಿಯವರ ಒಂದು ಹಳೇ ಗೋಡೌನಿತ್ತು. ಅದನ್ನು ಯಾವುದೋ ಕಂಪನಿಯವರು ಕೆಡವಿ, ಗಾಜಿನ ಬಾಗಿಲು ಹಾಕಿ, ತಣ್ಣನೆ ಗಾಳಿ ಬಿಟ್ಟು, ದೊಡ್ಡ ಮಾರ್ಟ್ ಒಂದನ್ನು ತೆರೆದರು. ಮೊದಲ ದಿನ ಬಾಗಿಲಲ್ಲೇ ಆಳೆತ್ತರಕ್ಕೆ ತೆಂಗಿನಕಾಯಿ ಪೇರಿಸಿ, ಇವತ್ತಿನ ವಿಶೇಷ ಎಂದು ಬೋರ್ಡು ಬೇರೆ ಹಾಕಿದ್ದರು. ತಿಪಟೂರಿನಲ್ಲಿ! ಜನ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋದರು. ಕಾಯಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಖರ್ಚಾಯಿತು.

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬತ್ತಾರೆ ಬುಡು" ಎಂದು ಅಕ್ಕ ಕಾದಳು. ನಾವು ಹೋಗಲಿಲ್ಲ. ಹೋದರೂ ಬೆಂಕಿಪೊಟ್ಟಣಕ್ಕೋ ಬಾಳೆಹಣ್ಣಿಗೋ ಅಷ್ಟೆ. ಒಂದು ದಿನ ಅವಳ ಹಲಗೆಗಳು ತೆರೆಯಲಿಲ್ಲ. ಅವಳ ಹಿಂದೆಯೇ ಮೂಲೆಯ ದಿನಸಿ ಅಂಗಡಿ, ಗುಡಿ ಪಕ್ಕದ ಅಂಗಡಿ ಎಲ್ಲವೂ ಮುಚ್ಚಿದವು. ಅಕ್ಕ ಅಳುತ್ತಾ ಕೂತಿರುತ್ತಾಳೆ ಎಂದುಕೊಂಡು ಅಮ್ಮ ಸಮಾಧಾನ ಹೇಳಲು ಹೋದರೆ ಅವಳು ಮನೆಯಲ್ಲೇ ಇರಲಿಲ್ಲ. ಮಾರ್ಟಿಗೆ ಹೋಗಿ ಕೆಲಸ ಕೇಳುತ್ತಿದ್ದಳು!

ಸೀರೆಯ ಮೇಲೆ ಕಂಪನಿಯವರ ಹಳದಿ ಅಂಗಿ ತೊಟ್ಟು ಬೇಳೆಕಾಳಿನ ಸಾಲಿನಲ್ಲಿ ನಿಂತ ಅಕ್ಕನನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಅದೇ ವಾರ ನನ್ನಮ್ಮ ಬಿಲ್ಲಿನ ಹುಡುಗಿಯ ಮುಂದೆ ಚೀಲದ ಬಾಯಿ ಬಿಡಿಸಿಕೊಂಡು ನಿಂತೇ ಬಿಟ್ಟಿದ್ದಳು. ಬಿಲ್ ಆಯಿತು, ಚೀಟಿ ಬಂತು, ಅಮ್ಮ ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು. "ಇನ್ನೇನು ಬೇಕಜ್ಜಿ?" ಎಂದು ಹುಡುಗಿ ಕೇಳಿದರೆ, "ಕೊಸರು ಹಾಕವ್ವ" ಎಂದಳು ಅಮ್ಮ. ಹುಡುಗಿಗೆ ತಲೆ ಬುಡ ತಿಳಿಯಲಿಲ್ಲ. ನಾನು ನಾಚಿಕೆಯಿಂದ ಅಮ್ಮನ ತೋಳು ಎಳೆಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ಎಲ್ಲಿಂದಲೋ ಬಂದು, ಮಡಿಲಲ್ಲಿದ್ದ ಕರಿಬೇವಿನ ಒಂದು ಎಸಳನ್ನು ಅಮ್ಮನ ಚೀಲಕ್ಕೆ ಹಾಕಿದಳು. ಅದು ಅವಳದೇ ಹಿತ್ತಿಲಿನ ಗಿಡದ್ದು. ಅಮ್ಮ ಚೀಲ ಮುಚ್ಚಿಕೊಂಡು ಹೊರಟಳು.

ಮಾರನೆಯ ದಿನದಿಂದ ಅಕ್ಕ ಕರಿಬೇವು ತುಂಬಿದ ಪುಟ್ಟಿಯನ್ನೇ ತರತೊಡಗಿದಳು. ಬಿಲ್ ಮುಗಿಸಿದವರಿಗೆಲ್ಲ ಒಂದೊಂದು ಎಸಳು. ಮ್ಯಾನೇಜರ್ ಬಿಜಾಪುರದ ಕಡೆಯ ಹುಡುಗ, ಒಳ್ಳೆಯವನು, ಹೆದರಿದ. "ಹಂಗ ಮಾಡಬ್ಯಾಡ್ರಿ ಅಕ್ಕಾರ, ಹೊರಗಿನ ಮಾಲು ಒಳಗ ತರೂ ಹಂಗಿಲ್ರಿ" ಎಂದ. ಅಕ್ಕ ಸರಿ ಎಂದು ಪುಟ್ಟಿಯನ್ನು ಗಾಜಿನ ಬಾಗಿಲಿನ ಹೊರಗಿಟ್ಟಳು, ಹಂಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬಾಗಿಲ ಪಕ್ಕ ಮೊಣಕಾಲು ನೋವಿನವರಿಗೆಂದು ಒಂದು ಕುರ್ಚಿಯನ್ನೂ ಹಾಕಿಸಿದಳು. ಆಮೇಲಾಮೇಲೆ ಆ ಹುಡುಗನೇ ಅವಳ ಮನೆಯಲ್ಲಿ ಮುದ್ದೆ ಉಣ್ಣುವುದನ್ನು ಕಲಿತ. ಯಾರದೋ ಕಂಪನಿಯನ್ನು ನಮ್ಮ ಬೀದಿಯ ಅಂಗಡಿಯನ್ನಾಗಿ ಮಾಡಿಕೊಂಡವಳು ಅವಳು. ಅಂಥ ಗಟ್ಟಿಗಿತ್ತಿಯನ್ನು ನಾನು ಮತ್ತೆ ಕಂಡಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಮಾರ್ಟಿನ ಕಪಾಟುಗಳು ಅಲ್ಲಲ್ಲಿ ಖಾಲಿ ಕಾಣತೊಡಗಿದವು. ತಣ್ಣನೆ ಗಾಳಿ ನಿಂತಿತು. ದೊಡ್ಡ ಆಫೀಸಿನಿಂದ ಹೇಳಿಕಳಿಸಿದರಂತೆ, ಲಾಭವಿಲ್ಲ, ಮುಚ್ಚಿ ಎಂದು. ಕೊನೆಯ ಮಾರಾಟದಲ್ಲಿ ಜನ ಮುಗಿಬಿದ್ದು ಹೊತ್ತೊಯ್ದರು. ಮ್ಯಾನೇಜರ್ ಹುಡುಗ ಗೋಡೆಗೆ ಮುಖ ಮಾಡಿ ಅಳುತ್ತಿದ್ದರೆ ಅಕ್ಕನೇ ಅವನ ಬೆನ್ನು ಸವರುತ್ತಿದ್ದಳು. ಹೋಗುವಾಗ ಅವನು ಮುರಿದ ಬುಟ್ಟಿಗಳನ್ನು ಅವಳಿಗೆ ಬಿಟ್ಟುಹೋದ. ಅವಳು ಹಗ್ಗ ಕಟ್ಟಿ ಮನೆಗೊಂದರಂತೆ ಹಂಚಿದಳು.

ಅಂಗಡಿ ಮುಚ್ಚಿದರೆ ಸಾಮಾನಿಗೆ ತೊಂದರೆ, ಅಷ್ಟೇ ತಾನೆ ಎಂದುಕೊಂಡಿದ್ದೆ. ಆದರೆ ಸಂಜೆಗೆ ಬೀದಿಯ ಆ ತುದಿ ಪೂರ್ತಿ ಕತ್ತಲು. ಗಿರಾಕಿ ಇಲ್ಲವೆಂದು ಬೋಂಡದ ಗಾಡಿಯವನು ಬಸ್ ಸ್ಟ್ಯಾಂಡಿನ ಕಡೆ ಹೋದ, ಹೂವಿನವಳೂ ಹೋದಳು, ಆಟೋಗಳೂ ಹೋದವು. ಸಣ್ಣ ಅಂಗಡಿಗಳಂತೂ ಮೊದಲೇ ಸತ್ತಿದ್ದವು. ಕಾಫಿಪುಡಿ ಮುಗಿದರೆ ಪೇಟೆಗೇ ಹೋಗಬೇಕು. "ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡ್ಸಿತು" ಎಂದು ಅಮ್ಮ ಮಾರ್ಟಿನ ಕಡೆ ಕೈ ತೋರಿಸಿ ಬೈದಳು. ಬೈದರೆ ಕಾಫಿಪುಡಿ ಬರುವುದಿಲ್ಲವಲ್ಲ. ಒಂದು ಮಧ್ಯಾಹ್ನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅಕ್ಕನ ಮನೆಗೆ ಹೋದಳು. ಮತ್ತೆ ಅಂಗಡಿ ತೆಗಿ ಎಂದು ಕೇಳುವುದಕ್ಕೆ.

ಅಕ್ಕ ಎಲ್ಲರನ್ನೂ ಚಾಪೆ ಹಾಸಿ ಕೂರಿಸಿದಳು. "ಏನ್ರವ್ವ, ಗಾಜಿನ ಬಾಗ್ಲು ಮುಚ್ಚಿದ್ಮೇಲೆ ಹಲಗೆ ಬಾಗ್ಲು ಗ್ಯಾಪ್ಕ ಬಂತಾ?" ಎಂದಳು. ಅಮ್ಮ ತಟ್ಟನೆ, "ನೀನೂ ಅದೇ ಬಾಗ್ಲೊಳಗೆ ಹಳದಿ ಅಂಗಿ ಹಾಕ್ಕಂಡು ಮೆರೆದೋಳು ತಾನೆ, ಸುಮ್ಕಿರೇ" ಎಂದಳು. ಅಲ್ಲಿಗೆ ಎಲ್ಲರಿಗೂ ನಗು ಬಂತು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಅಕ್ಕನಿಗೆ ವಯಸ್ಸಾಗಿತ್ತು, ಕಾಲು ಊದುತ್ತಿತ್ತು. ಕೊಬ್ಬರಿ ಲಾರಿ ಓಡಿಸುವ ಮಗ, ಇನ್ನಾದರೂ ಕೂತು ಉಣ್ಣು ಎನ್ನುತ್ತಿದ್ದ. ಈಗ ತೆಗೆದು ಮತ್ತೆ ಮುಚ್ಚುವಂತಾದರೆ ಇನ್ನೊಮ್ಮೆ ಏಳುವ ಶಕ್ತಿ ಅವಳಿಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಕ್ಕ ಊದಿದ ಕಾಲು ನೀವಿಕೊಳ್ಳುತ್ತಾ ಹೇಳಿದಳು: "ತೆಗೀತೀನಿ ಕಣ್ರವ್ವ. ತಿಂಗ್ಳು ಸಾಮಾನು ಎಲ್ಲಿ ಬೇಕಾದ್ರೂ ತಗಳ್ಳಿ, ನಾನು ಕೇಳಾಕಿಲ್ಲ. ಆದ್ರೆ ಮನೆಗೊಬ್ರು ದಿನಕ್ಕೊಂದ್ಸಲ ಬಂದು ಮುಖ ತೋರ್ಸಿ. ಏನೂ ಬ್ಯಾಡ್ದಿದ್ರೂ ಬನ್ನಿ. ಮುಖ ಕಾಣ್ಲಿಲ್ಲ ಅಂದ್ರೆ ನಾನೇ ಬಂದು ಬಾಗ್ಲು ಬಡೀತೀನಿ."

ಗಿರಾಕಿ ತಪ್ಪದಿರಲೆಂದು ಹೂಡಿದ ಉಪಾಯ ಎಂದುಕೊಂಡೆ. ಅದೂ ಇತ್ತು, ಅವಳೇನು ಸನ್ಯಾಸಿನಿಯಲ್ಲ. ಆದರೆ ನಿಜಕ್ಕೂ ಬಡಿಯುತ್ತಿದ್ದಳು! ನಾನು ಬಿಳಿಗೆರೆಯ ಶಾಲೆಗೆ ಪಾಠ ಹೇಳಲು ಬಸ್ಸು ಹತ್ತುವ ಮುಂಚೆ ಅಂಗಡಿ ಮುಂದೆ ನಿಂತು ಒಂದು ಮಾತಾಡಿಯೇ ಹೋಗಬೇಕಿತ್ತು. ಮರೆತರೆ ಸಂಜೆ ಬೈಗುಳ. ನಮ್ಮ ಬೀದಿಯಲ್ಲಿ ಕರೆಂಟು ಇಲಾಖೆಯಿಂದ ನಿವೃತ್ತನಾದ ಲೈನ್‌ಮನ್ ಒಬ್ಬನಿದ್ದ, ಒಂಟಿ ಮನುಷ್ಯ, ಮಹಾ ಮುಂಗೋಪಿ. ಅವನ ಜೊತೆ ಜಗಳವಾಡದವರೇ ಇರಲಿಲ್ಲ. ಒಂದು ದಿನ ಅವನು ಬೀಡಿಗೆ ಬರಲಿಲ್ಲ. ಊಟದ ಹೊತ್ತಾದರೂ ಕಾಣದಿದ್ದಾಗ ಅಕ್ಕ ಅಂಗಡಿಯನ್ನು ಹಾಗೇ ಬಿಟ್ಟು ಅವನ ಮನೆಗೆ ಹೋದಳು. ಅವನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ನರಳುತ್ತಿದ್ದ. ಆಸ್ಪತ್ರೆಗೆ ಸೇರಿಸಿ ಬಂದ ಅಕ್ಕನನ್ನು ನಾವೆಲ್ಲ ಹೊಗಳಿದರೆ, "ಅವ್ನು ಹೋದ್ರೆ ಬೀದೀಲಿ ಜಗಳ ಆಡಾಕೆ ಯಾರವ್ರೆ, ಬುಡ್ರವ್ವ" ಎಂದಳು.

ಅಂಗಡಿ ಚೆನ್ನಾಗಿಯೇ ನಡೆಯಿತು. ಮುಖ ತೋರಿಸಲು ಬಂದವರು ಕೈ ಬೀಸಿಕೊಂಡು ಹೋಗಲು ಸಂಕೋಚಪಟ್ಟು ಏನಾದರೂ ಕೊಳ್ಳುತ್ತಿದ್ದರು. ಹೂವಿನವಳು ವಾಪಸು ಬಂದು ಅಕ್ಕನ ಜಗಲಿಯ ತುದಿಯಲ್ಲಿ ಕೂತಳು. ಸಂಜೆ ಅಂಗಡಿಯ ದೀಪ ಬೀದಿಗೆ ಬೀಳುತ್ತಿತ್ತು. ಮಾರ್ಟಿನ ಥಳುಕಿನ ಮುಂದೆ ಅದೇನೂ ಅಲ್ಲ, ಆದರೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಅಷ್ಟು ಸಾಕಾಗಿತ್ತು...

ಒಂದು ಬೆಳಗ್ಗೆ ಹಲಗೆಗಳು ತೆರೆದಿರಲಿಲ್ಲ. ಮಗ ಲಾರಿಯ ಜೊತೆ ಉತ್ತರದ ಕಡೆ ಹೋಗಿದ್ದ, ಸೊಸೆ ಹೆರಿಗೆಗೆಂದು ತುರುವೇಕೆರೆಯ ತವರಿಗೆ ಹೋಗಿದ್ದಳು. ಮೊದಲು ನೋಡಿದವನು ಆ ಲೈನ್‌ಮನ್ನೇ. ಕೋಲೂರಿಕೊಂಡು ಮನೆಮನೆಯ ಬಾಗಿಲಿಗೂ ಬಂದ. ತಾನು ಬೈದವರು, ತನ್ನನ್ನು ಬೈದವರು ಎಂದು ನೋಡದೆ ಎಲ್ಲರ ಬಾಗಿಲನ್ನೂ ಬಡಿದ. "ಹಲಗೆ ತೆಗ್ದಿಲ್ಲ ಕಣ್ರೀ, ಬನ್ರೀ" ಎಂದು ಕೂಗಿ ಮುಂದಿನ ಮನೆಗೆ ನಡೆಯುತ್ತಿದ್ದ. ತಿಂಡಿಯ ಹೊತ್ತಿಗೆ ಇಡೀ ಬೀದಿ ಅವಳ ಮನೆ ಮುಂದೆ ನಿಂತಿತ್ತು. ಹಿತ್ತಿಲ ಬಾಗಿಲು ಮುರಿದು ಒಳಗೆ ಹೋದೆವು. ಲಕ್ವ ಹೊಡೆದು ಹಾಸಿಗೆಯ ಪಕ್ಕ ಬಿದ್ದಿದ್ದಳು. ಉಸಿರಿತ್ತು.

ಹಾಸನದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ನಾವು ಸರದಿ ಮೇಲೆ ಹೋಗಿಬರುತ್ತಿದ್ದೆವು. ನಾನು ಹೋದ ದಿನ ನನ್ನ ಮುಖವನ್ನೇ ನೋಡಿ, ತೊದಲುತ್ತಾ, "ಎಲ್ರೂ... ಬಂದಿದ್ರಾ?" ಎಂದಳು. ಅವತ್ತು ಬೆಳಗ್ಗೆ ಬಾಗಿಲ ಮುಂದೆ ಸೇರಿದ್ದನ್ನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು. "ಎಲ್ರೂ ಬಂದಿದ್ರು ಅಕ್ಕ, ಒಬ್ರೂ ತಪ್ಪಿಸ್ಲಿಲ್ಲ" ಎಂದೆ. ಕಣ್ಣು ಮುಚ್ಚಿಕೊಂಡಳು. ನನ್ನ ಜೀವನದಲ್ಲಿ ಯಾರಿಗಾದರೂ ನೆಮ್ಮದಿ ಕೊಡುವಂಥ ಮಾತನ್ನು ಆಡಿದ್ದೇನೆ ಎಂದರೆ ಅದೊಂದೇ. ಆ ವಾರವೇ ಹೋಗಿಬಿಟ್ಟಳು.

ಸೊಸೆ ಹಸುಗೂಸು ಕಟ್ಟಿಕೊಂಡು ಅಂಗಡಿ ನಡೆಸಲಾರೆ ಎಂದಳು, ತಪ್ಪಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟರು. ಲೈನ್‌ಮನ್ ಚಿಕ್ಕನಾಯಕನಹಳ್ಳಿಯ ತಂಗಿಯ ಮನೆ ಸೇರಿದ. ನನ್ನಮ್ಮನೂ ತೀರಿಕೊಂಡಳು, ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮಾರ್ಟಿನ ಕಟ್ಟಡ ಬೋರ್ಡು ಕಿತ್ತ ಗುರುತು ಹೊತ್ತುಕೊಂಡು ಹಾಗೇ ನಿಂತಿದೆ, ಗಾಜಿನ ಮೇಲೆ ಯಾರೋ ಟ್ಯೂಷನ್ನಿನ ಚೀಟಿ ಅಂಟಿಸಿದ್ದಾರೆ. ಸಾಮಾನಿಗೇನೂ ಕೊರತೆಯಿಲ್ಲ. ಫೋನಿನಲ್ಲಿ ಒತ್ತಿದರೆ ಮನೆಗೇ ಬರುತ್ತದೆ.

ಕಳೆದ ತಿಂಗಳು ನನಗೆ ಜ್ವರ ಬಂದು ಏಳಲಾಗದೆ ಮಲಗಿದ್ದೆ. ಬ್ರೆಡ್ಡು, ಮಾತ್ರೆ, ಎಳನೀರು ಎಲ್ಲ ಫೋನಿನಲ್ಲೇ ತರಿಸಿಕೊಂಡೆ. ತರುವ ಹುಡುಗ ಗೇಟಿಗೆ ಚೀಲ ನೇತುಹಾಕಿ, ಇಟ್ಟಿದ್ದೀನಿ ಮೇಡಂ ಎಂದು ಫೋನಿನಲ್ಲೇ ಹೇಳಿ, ಬೈಕು ತಿರುಗಿಸಿಕೊಂಡು ಹೋಗುತ್ತಿದ್ದ. ಒಂದು ಪೊಟ್ಟಣವೂ ತಪ್ಪಾಗಿ ಬರಲಿಲ್ಲ. ಆದರೂ ಮಧ್ಯಾಹ್ನಗಳಲ್ಲಿ ಜ್ವರದ ಮಂಪರಿನಲ್ಲಿ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಯಾರೂ ಬಡಿಯಲಿಲ್ಲ.

ಓಡಾಡುವಂತಾದ ಮೇಲೆ ಬೀದಿಗೆ ಬಂದೆ. ರಂಗೋಲಿ ಬಿಡುತ್ತಿದ್ದ ಎದುರು ಮನೆಯವರು ತಲೆಯೆತ್ತಿ, "ಏನ್ ಟೀಚರಮ್ಮ, ಕಾಣ್ಲೇ ಇಲ್ಲ, ಊರಿಗೆ ಹೋಗಿದ್ರಾ?" ಎಂದರು.

"ಇಲ್ಲ ಕಣ್ರೀ, ಇಲ್ಲೇ ಇದ್ದೆ" ಎಂದೆ.