ಜವರಯ್ಯನ ಹದಿನಾಲ್ಕು ನಡುಕ

ಊಟದ ಮೇಲೆ ತೂಕಡಿಸುತ್ತಿದ್ದ ಜವರಯ್ಯ ಸ್ಟೂಲಿನ ಸಮೇತ ದಢಾರನೆ ಬಿದ್ದ. ಬೇರೆ ಕಚೇರಿಯಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಜಾವಗಲ್ ಹತ್ತಿರ ಬಂಡೆಯ ಮೇಲೆ ಕಟ್ಟಿದ್ದ ಭೂಕಂಪ ಅಳೆಯುವ ಕೋಣೆ. ಕಾಗದ ಸುತ್ತಿದ ಉರುಳೆಯ ಮೇಲೆ ಪೆನ್ನು ಅವನ ಪತನವನ್ನು ಗೇಣುದ್ದ ಬರೆದಿಟ್ಟಿತು. ಬರೆದದ್ದನ್ನೆಲ್ಲ ಸಂಜೆ ಬೆಂಗಳೂರಿಗೆ ಫೋನಿನಲ್ಲಿ ಒಪ್ಪಿಸಬೇಕೆಂಬುದು ನಿಯಮ. ಒಪ್ಪಿಸಿದ.

"ಏನ್ರೀ, ಇಷ್ಟು ದೊಡ್ಡದು! ಕಂಪನದ ಕೇಂದ್ರ ಎಲ್ಲಿ?"

"ನಾನೇ ಸಾರ್."

ಅವತ್ತಿನಿಂದ ಅವನ ಸ್ಟೇಷನ್ನಿನ ಮೇಲೆ ಮೇಲಿನವರ ನಂಬಿಕೆ ಬಿರುಕು ಬಿಟ್ಟಿತು. ಒಂಬತ್ತು ವರ್ಷ ದುಡಿದರೂ ಅವನ ಕೆಲಸ ಖಾಯಂ ಆಗಿರಲಿಲ್ಲ. ಹೆಂಡತಿ ಹನುಮಮ್ಮ ಮಾತ್ರ ತವರಿನಲ್ಲಿ "ನಮ್ಮೋರು ಕಂಪನೀಲವ್ರೆ" ಅನ್ನುತ್ತಿದ್ದಳು. ಕಂಪನಿಯಲ್ಲ ಕಣೇ, ಕಂಪನ ಎಂದು ತಿದ್ದುವ ಧೈರ್ಯ ಅವನಿಗೆ ಬರಲಿಲ್ಲ.

ಟೀ ಅಂಗಡಿಯ ಚಿಕ್ಕಣ್ಣ ದಿನಾ ಕೆಣಕುವನು: "ಏನ್ಲಾ ಜವರ, ಭೂಮ್ತಾಯಿ ಏನಂತವ್ಳೆ?"

"ಮಲಗವ್ಳೆ. ನಿನ್ ಬಾಯಿ ಮುಚ್ಚು, ಎದ್ದಾಳು."

೧೯೯೯ರ ಬೇಸಿಗೆಯಲ್ಲಿ ಎದ್ದೇಬಿಟ್ಟಳು. ಗಂಡಸಿ ಊರಿನ ಕಡೆ ಹದಿನಾಲ್ಕು ಸಲ ಪಾತ್ರೆಗಳು ಗಲಗಲ ಅಂದವು. ಜವರಯ್ಯನದೂ ಸೇರಿ ಮೂರು ಸ್ಟೇಷನ್ನುಗಳಿಗೆ ಅಲೆ ಮುಟ್ಟಿದ ಹೊತ್ತು ನೋಡಿ ಬೆಂಗಳೂರಿನವರು ನಡುಕ ಹುಟ್ಟಿದ ಜಾಗಕ್ಕೆ ನಕ್ಷೆಯಲ್ಲಿ ಚುಕ್ಕಿ ಇಟ್ಟರೆ, ಒಂದು ಬಾಣಾವರದ ರೈಲು ಹಳಿಯ ಮೇಲೆ, ಇನ್ನೊಂದು ಹಳೇಬೀಡಿನ ಕೆರೆಯಲ್ಲಿ. ಅಲೆಗಿಂತ ಚುಕ್ಕಿಗಳೇ ಹೆಚ್ಚು ಅಲೆದವು. ತಪ್ಪೆಲ್ಲ ಜವರಯ್ಯನದೇ, ಆ ಸ್ಟೇಷನ್ ಮುಚ್ಚಿಬಿಡಿ ಎಂದಾಯಿತು.

ಮುಚ್ಚಲು ಬಂದ ವಿಜ್ಞಾನಿ ಲತಾಮಣಿ ಸಾಮಾನಿನ ಪಟ್ಟಿ ಮಾಡುವಾಗ ಕಪಾಟಿನಲ್ಲಿ, ಆ ನಡುಕಗಳನ್ನಷ್ಟೇ ಉರುಳೆಯ ಕಾಗದದಿಂದ ಕತ್ತರಿಸಿ ಕ್ಲಿಪ್ಪು ಹಾಕಿದ ಹದಿನಾಲ್ಕು ತುಂಡುಗಳು ಸಿಕ್ಕವು. ಆಕೆ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಏರಿಳಿತಗಳು ಅಚ್ಚೊತ್ತಿದಂತೆ ಕೂತವು.

"ಜವರಯ್ಯನವರೇ, ಒಂದೇ ಜಾಗದಿಂದ ಒಂದೇ ದಾರೀಲಿ ಬಂದ್ರೆ ಮಾತ್ರ ಅಲೆ ಹೀಗೆ ಒಂದೇ ಥರ ಇರುತ್ತೆ. ಕಾಗದದ ಮೇಲೆ ಅಲೆ ಶುರು ಎಲ್ಲಿ ಅನ್ನೋದೇ ಮಸುಕು, ಒಂದೊಂದ್ರಲ್ಲೂ ಒಂದೊಂದು ಕಡೆ ಗುರುತು ಹಾಕಿದ್ದೀವಿ, ಅದಕ್ಕೇ ಚುಕ್ಕಿಗಳು ಚೆದುರಿದ್ದು. ಹೀಗೆ ಜೋಡಿಸಿ, ಒಂದಕ್ಕೂ ಇನ್ನೊಂದಕ್ಕೂ ಮುಟ್ಟಿದ ಹೊತ್ತಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡ್ಬೇಕಿತ್ತು."

ಉಳಿದೆರಡು ಸ್ಟೇಷನ್ನುಗಳ ಕಾಗದಗಳನ್ನೂ ಹಾಗೇ ಜೋಡಿಸಿ ಲೆಕ್ಕ ಹಾಕಿದರು. ತಿಂಗಳೊಳಗೆ ದಿಕ್ಕುದಿಕ್ಕಿಗೆ ಚೆದುರಿದ್ದ ಚುಕ್ಕಿಗಳು ಗಂಡಸಿಯ ಆಚೆ ಎರಡು ಕಿಲೋಮೀಟರಿನೊಳಗೆ ಸಾಲಾಗಿ ನಿಂತವು. ಸ್ಟೇಷನ್ ಉಳಿಯಿತು.

ಜವರಯ್ಯನನ್ನು ಖಾಯಂ ಮಾಡುವಂತೆ ಶಿಫಾರಸು ಬರೆಯಲು ಲತಾಮಣಿ ಮತ್ತೆ ಬಂದರು. ಅವನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ.

"ಈ ಹದಿನಾಲ್ಕೂ ಒಂದೇ ಗುಂಪು ಅಂತ ನಮಗಿಂತ ಮೊದಲು ನಿಮಗೆ ಹೊಳೀತಲ್ಲ, ಅದು ಹೇಗೆ? ನಿಮ್ಮ ಮಾತಲ್ಲೇ ಬರೀತೀನಿ, ಹೇಳಿ."

ಜವರಯ್ಯ ಕುತ್ತಿಗೆ ಒರೆಸಿಕೊಂಡ.

"ಎಲ್ಲಾ ಒಂದೇ ತರ ಗೀಚಿತ್ತಲ್ಲ ಮೇಡಂ, ಪೆನ್ನು ಕೆಟ್ಟೋಗೈತೆ ಅನ್ಕೊಂಡೆ. ಹೊಸದು ಕೇಳಾನ ಅಂತ ಸಾಕ್ಷಿಗೆ ಮಡಗಿದ್ದೆ."