ಕಿಟಕಿ ಅಕ್ಕ ಬಸ್ಸಿನ ಮಹಡಿ ಹತ್ತಿದ ದಿನ

ಊರು ನೋಡಲು ಬಂದ ಪರದೇಶದವರಿಗೆ ಹತ್ತೊಂಬತ್ತು ವರ್ಷ ಟಿಕೆಟ್ ಹರಿದುಕೊಟ್ಟ ಹೆಂಗಸು, ತಾನು ಮಾತ್ರ ಒಂದು ದಿನವೂ ಆ ಬಸ್ಸು ಹತ್ತಲಿಲ್ಲ ಅಂದರೆ ನಂಬುತ್ತೀರಾ? ನಂಬಲೇಬೇಕು. ಒಂದು ಬಸ್ಸು ಹೊರಡುವ ಹೊತ್ತಿಗೆ ಮುಂದಿನ ಬಸ್ಸಿನ ಸಾಲು ಕಿಟಕಿಯ ಮುಂದೆ ನಿಂತಿರುತ್ತಿತ್ತು. ಇನ್ನು ಹತ್ತುವುದು ಯಾವಾಗ? ಆಕೆಯನ್ನು ಎಲ್ಲರೂ ಕಿಟಕಿ ಅಕ್ಕ ಅನ್ನುತ್ತಿದ್ದರು. ಸಿಟ್ಟು ಬಂದಾಗ ಮನೆಯಲ್ಲಿ ಅತ್ತೆ ಕೂಡ ಹಾಗೇ ಕರೆಯುತ್ತಿದ್ದರು.

ಆ ಟಿಕೆಟ್ ಗೂಡು ಕಟ್ಟಿದ ಪುಣ್ಯಾತ್ಮ ಯಾರೋ, ಅಳತೆಪಟ್ಟಿ ಮನೆಯಲ್ಲೇ ಮರೆತು ಬಂದಿದ್ದನೇನೋ. ಕಿಟಕಿಯ ಕಂಡಿ ಸೊಂಟದ ಮಟ್ಟಕ್ಕಿತ್ತು. ಅದರ ಮೇಲಿನ ಗಾಜಿಗೆ ಕಂಪನಿಯವರು ದೊಡ್ಡ ಜಾಹೀರಾತು ಅಂಟಿಸಿಬಿಟ್ಟಿದ್ದರು. ಒಳಗೆ ಕೂತವಳಿಗೆ ಕಾಣುತ್ತಿದ್ದದ್ದು ಅಂಗಿಯ ಗುಂಡಿ ಮತ್ತು ಕೈ, ಅಷ್ಟೇ. ಮುಖ ಕಾಣದಿದ್ದರೇನಂತೆ, ಅಕ್ಕ ಕೈ ನೋಡಿಯೇ ಮನುಷ್ಯರನ್ನು ಅಳೆಯುವುದು ಕಲಿತಳು. ಉಂಗುರವನ್ನು ತಿರುಗಿಸುತ್ತಲೇ ಇರುವ ಕೈ ಹೊಸದಾಗಿ ಮದುವೆಯಾದವನದು. ನಕ್ಷೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಹಿಡಿದದ್ದು ಮೇಷ್ಟರದು. ಒಂದೇ ಕೈ ಬಿಸಿಲಿಗೆ ಕಪ್ಪಾಗಿದ್ದರೆ ಲಾರಿ ಓಡಿಸುವವನದು. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಒಮ್ಮೆ ದರ್ಜಿ ಅಂದುಕೊಂಡವರು ಹಲ್ಲಿನ ಡಾಕ್ಟರಾಗಿದ್ದರು. ಎರಡೂ ಹೊಲಿಯುವ ಕೆಲಸವೇ ಅಲ್ಲವೇ ಅಂತ ಅಕ್ಕನ ವಾದ.

ಇನ್ನು ಗೈಡಣ್ಣ. ಕಂಪನಿಗೆ ಇದ್ದದ್ದು ಅವನೊಬ್ಬನೇ ಗೈಡು, ಅವನಿಗೋ ತನ್ನ ಕೂದಲೆಂದರೆ ಪ್ರಾಣ. ಗೂಡಿನ ಹೊರಗೋಡೆಗೆ ಒಂದು ಕನ್ನಡಿ ನೇತುಹಾಕಿಕೊಂಡು, ದಿನಾ ಬೆಳಿಗ್ಗೆ ತಲೆ ಬಾಚುತ್ತ ಇಡೀ ಭಾಷಣವನ್ನು ಪರದೇಶದವರ ಭಾಷೆಯಲ್ಲೇ ಗಟ್ಟಿಯಾಗಿ ಒಪ್ಪಿಸುತ್ತಿದ್ದ. ಗೋಡೆಯ ಈಚೆಗೆ ಅಕ್ಕ. ಅಷ್ಟು ವರ್ಷ ಕಿವಿಗೆ ಬಿದ್ದದ್ದು ಎಲ್ಲಿ ಹೋಗುತ್ತದೆ? ಗೋಪುರದ ಎತ್ತರ, ಸೇತುವೆಯ ವಯಸ್ಸು, ಯಾವ ತಿರುವಿಗೆ ಯಾವ ಜೋಕು, ಯಾವ ಜೋಕಿಗೆ ಮೊದಲು ಕೆಮ್ಮಬೇಕು, ಎಲ್ಲವೂ ಆಕೆಗೆ ಬಾಯಿಪಾಠವಾಗಿತ್ತು. ಕಿಟಕಿಯಲ್ಲಿ ದಿನಾ ಮಾತಾಡಿ ಮಾತಾಡಿ ಆ ಭಾಷೆಯೂ ನಾಲಿಗೆಗೆ ಹತ್ತಿತ್ತು.

ಹೀಗಿರುವಾಗ ಮ್ಯಾನೇಜರು ಒಂದು ದಿನ ಗೂಡಿನ ಬಾಗಿಲಲ್ಲಿ ನಿಂತು ಕತ್ತು ಕೆರೆದುಕೊಂಡರು.

"ಅಕ್ಕಾ, ಒಂದನೇ ತಾರೀಖಿಂದ ಟಿಕೆಟ್ ಕೊಡೋಕೆ ಮಷೀನ್ ಬರುತ್ತೆ. ಈ ಗೂಡು ಒಡೆದು ಹಾಕ್ತೀವಿ. ನಿಮಗೂ ವಯಸ್ಸಾಯ್ತಲ್ಲ, ಮನೇಲಿ ಆರಾಮಾಗಿ ಇದ್ದುಬಿಡಿ."

"ಐವತ್ತೊಂದು ಒಂದು ವಯಸ್ಸೇನ್ರೀ? ನನಗೆ ಮೈಕ್ ಕೊಡಿ. ಗೈಡ್ ಕೆಲಸ ಮಾಡ್ತೀನಿ."

ಮ್ಯಾನೇಜರು ನಕ್ಕರು. ಎಷ್ಟು ನಕ್ಕರೆಂದರೆ ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆಯಬೇಕಾಯಿತು. ಅಕ್ಕನಿಗೆ ಮೈಯೆಲ್ಲ ಉರಿಯಿತು. ಸುಮ್ಮನೆ ಬಾಯಿ ಮುಚ್ಚಿಕೊಂಡು ಹೋಗುವ ಪೈಕಿ ಅಲ್ಲ ಆಕೆ. ಅಂದೇ ಸಂಜೆ ಅತ್ತೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಸೌಟನ್ನು ಮೈಕಿನ ಹಾಗೆ ಹಿಡಿದು ಊರು ತೋರಿಸತೊಡಗಿದಳು. ಎಡಗಡೆಯ ಗಡಿಯಾರ ಗೋಪುರ ಅಂದರೆ ಪಾತ್ರೆಯ ಕಪಾಟು. ಬಲಗಡೆಯ ನದಿ ಅಂದರೆ ನಲ್ಲಿ. ಅತ್ತೆಗೆ ಮಂಡಿನೋವು, ಬೀದಿಗಿಳಿದು ಆರು ವರ್ಷವಾಗಿತ್ತು. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಕತ್ತು ತಿರುಗಿಸಿ ಶ್ರದ್ಧೆಯಿಂದ ನೋಡುತ್ತಿದ್ದರು.

"ನಿನ್ನ ನದಿ ಸೋರ್ತಾ ಇದೆ ಕಣೇ," ಅಂದರು ಒಂದು ದಿನ. "ನಿನ್ನ ಗಂಡನಿಗೆ ಹೇಳಿ ರಿಪೇರಿ ಮಾಡಿಸು."

ಒಂದನೇ ತಾರೀಖಿಗೆ ನಾಲ್ಕೇ ದಿನ ಉಳಿದಿತ್ತು. ಬೆಳಿಗ್ಗೆ ಗೈಡಣ್ಣ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಂದ, ಬಾಯಿ ತೆಗೆದರೆ ಬರೀ ಗಾಳಿ. ಗಂಟಲು ಪೂರ್ತಿ ಕೈಕೊಟ್ಟಿತ್ತು. ಇಪ್ಪತ್ತಾರು ಜನ ಪರದೇಶದವರು ಟಿಕೆಟ್ ತೆಗೆದುಕೊಂಡು ಕಾಯುತ್ತಿದ್ದರು. ಮ್ಯಾನೇಜರು ಅವನ ಗಂಟಲನ್ನು ನೋಡಿದರು, ಆಕಾಶ ನೋಡಿದರು, ಕೊನೆಗೆ ಬೇರೆ ದಾರಿಯಿಲ್ಲದೆ ಗೂಡಿನ ಕಡೆ ನೋಡಿದರು.

"ಒಂದೇ ಒಂದು ಟ್ರಿಪ್ಪು ಅಕ್ಕಾ. ಹೋದೋರೆಲ್ಲ ವಾಪಸ್ ಬರಬೇಕು, ಒಂದು ದೂರೂ ಬರಬಾರದು. ಹಾಗೆ ಆದ್ರೆ ಗೈಡ್ ಬಿಲ್ಲೆ ನಿಮಗೆ. ಒಂದೇ ಒಂದು ದೂರು ಬಂತೋ, ಒಂದನೇ ತಾರೀಖಿಂದ ಮನೆ."

ಗೈಡಣ್ಣ ಪಿಸುಗುಟ್ಟುತ್ತ ಒಂದು ಗುಟ್ಟು ಹೇಳಿಕೊಟ್ಟ. ಕಂಪನಿ ಪ್ರತಿಯೊಬ್ಬರಿಗೂ ಒಂದು ಹಳದಿ ಟೋಪಿ ಕೊಡುತ್ತದೆ. "ಜನರನ್ನ ಎಣಿಸೋಕೆ ಹೋಗ್ಬೇಡಿ, ಅವ್ರು ಒಂದು ಕಡೆ ನಿಲ್ಲಲ್ಲ. ಟೋಪಿ ಎಣಿಸಿ. ನಾನು ಯಾವಾಗಲೂ ಹಾಗೇ ಮಾಡೋದು."

ಆ ಬೆಳಿಗ್ಗೆ ಕಂಡಿಯಲ್ಲಿ ತೂರಿಬಂದ ಕೈಗಳಲ್ಲಿ ಒಂದನ್ನು ಅಕ್ಕ ಹಿಡಿದುಕೊಂಡೇ ಬಿಟ್ಟಿದ್ದಳು. ಮುದುಕಿಯ ಕೈ. ಬೆರಳ ತುದಿಗಳೆಲ್ಲ ಉಗುರಿನ ಸಂದಿಯವರೆಗೆ ನೀಲಿ. ಬಟ್ಟೆಗೆ ಬಣ್ಣ ಹಾಕುವವರ ಕೈ! ಅಕ್ಕನ ಅಪ್ಪನ ಕೈಯೂ ಸಾಯುವ ದಿನದವರೆಗೆ ಹೀಗೇ ಇತ್ತು. ಸಂತೋಷ ತಡೆಯಲಾರದೆ ಕಂಡಿಗೆ ಬಾಯಿಟ್ಟು ಹೇಳಿದ್ದಳು: "ಅಜ್ಜೀ, ನಮ್ಮಪ್ಪನೂ ಇದೇ ಕೆಲಸ! ಹಳೇ ಪೇಟೆ ಹಿಂದೆ ಒಂದು ಬೀದಿ ಇದೆ, ಬೀದಿ ತುಂಬ ನೀಲಿ!" ನೀಲಿ ಬೆರಳು ಆಕೆಯ ಬೆರಳನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಹೊರಗೆ ಹೋಗಿತ್ತು.

ಆಮೇಲೆ ಅಕ್ಕ ಆ ಎರಡು ಅಂತಸ್ತಿನ ಹಳದಿ ಬಸ್ಸಿನ ಮೆಟ್ಟಿಲು ಹತ್ತಿದಳು. ಮೇಲೆ ಚಾವಣಿ ಇಲ್ಲ. ಒಮ್ಮೆಲೇ ಗಾಳಿ, ಬೆಳಕು, ಇಡೀ ಊರು. ಅಯ್ಯೋ, ಅದೆಷ್ಟು ದೊಡ್ಡ ಊರು! ಮಹಡಿ ಮನೆಗಳ ಮೇಲೆ ಒಣಹಾಕಿದ ಬಟ್ಟೆಗಳು ಕೈಗೆ ಸಿಗುವಷ್ಟು ಹತ್ತಿರ, ದೀಪದ ಕಂಬದ ತಲೆಯ ಮೇಲೆ ಪಾರಿವಾಳದ ಗೂಡು. ಬಸ್ಸು ಹೊರಟಿತು, ಮೈಕು ಕೈಯಲ್ಲಿತ್ತು, ಬಾಯಿಪಾಠ ತಾನಾಗಿ ಸುರುವಾಯಿತು. ಗೋಪುರದ ಹತ್ತಿರ ಬಂದಾಗ, ಕೆಮ್ಮಬೇಕಾದಲ್ಲಿ ಕೆಮ್ಮಿ, ಗೈಡಣ್ಣನ ಜೋಕನ್ನು ಅಕ್ಷರ ಬಿಡದೆ ಒಪ್ಪಿಸಿದಳು: "ಈ ಗಡಿಯಾರ ನನ್ನ ಹೆಂಡತಿಯ ಥರ, ಗಂಟೆಗೊಂದು ಸಲ ಕೂಗದೆ ಇರೋದಿಲ್ಲ."

ಇಪ್ಪತ್ತಾರು ಜನ ಆಕೆಯ ಮುಖ ನೋಡಿದರು. ತಾನು ಹೇಳಿದ್ದೇನೆಂದು ಹೊಳೆದು ಅಕ್ಕ ನಾಲಿಗೆ ಕಚ್ಚಿಕೊಂಡಳು. "ಕ್ಷಮಿಸಿ, ಇದು ಗೈಡಣ್ಣನ ಹೆಂಡತಿ. ನನಗೆ ಗಂಡ ಇದ್ದಾರೆ, ಅವರು ಕೂಗೋದೇ ಇಲ್ಲ!" ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಳಗೆ ಸ್ಪೀಕರಿನಲ್ಲಿ ಕೇಳಿಸಿಕೊಂಡ ಡ್ರೈವರ್ ಮಾಮ ಎರಡು ಸಲ ಹಾರ್ನ್ ಹೊಡೆದರು.

ಅಲ್ಲಿಗೆ ಬಾಯಿಪಾಠ ಬಿಟ್ಟಳು. ತನ್ನದೇ ಊರು, ತನ್ನದೇ ಮಾತು. ಆ ಆಸ್ಪತ್ರೆಯ ಮೂರನೇ ಮಹಡಿಯ ಎರಡನೇ ಕಿಟಕಿ ನೋಡಿ, ನನ್ನ ಮಗಳು ಹುಟ್ಟಿದ್ದು ಅಲ್ಲಿ, ಅವಳ ಮೊದಲ ಕೂಗಿಗೆ ಕೆಳಗೆ ಟ್ರಾಫಿಕ್ಕೇ ನಿಂತಿತ್ತು ಅಂದಳು. ಅಗೋ ಆ ಸೇತುವೆಯ ಮೇಲೆ ಮದುವೆಯಾದ ಹೊಸತರಲ್ಲಿ ಗಂಡ ನನ್ನನ್ನು ಬ್ರೇಕಿಲ್ಲದ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದರು, ನಾವಿಬ್ಬರೂ ನೀರಿಗೆ, ಸೈಕಲ್ಲು ಇನ್ನೂ ಕೆಳಗೇ ಇದೆ ಅಂದಳು. ಅಷ್ಟೂ ಜನ ಎದ್ದುನಿಂತು ಬರೀ ನೀರಿನ ಫೋಟೋ ತೆಗೆದುಕೊಂಡರು. ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಇದಕ್ಕೇ ಹುಟ್ಟಿದ್ದು ಅನ್ನಿಸಿತು.

ಹಳೇ ಪೇಟೆಯಲ್ಲಿ ಎಲ್ಲರನ್ನೂ ಮುಕ್ಕಾಲು ಗಂಟೆ ತಿರುಗಾಡಲು ಬಿಟ್ಟು, ಮತ್ತೆ ಹತ್ತಿಸಿಕೊಂಡು ಹಳದಿ ಟೋಪಿ ಎಣಿಸಿದಳು. ಇಪ್ಪತ್ತಾರು. ಇನ್ನೊಮ್ಮೆ ಎಣಿಸಿದಳು. ಇಪ್ಪತ್ತಾರೇ. "ರೈಟ್, ಮಾಮ!" ಅಂದಳು.

ಬಸ್ಸು ನದಿ ದಾಟಿ ದೋಣಿಕಟ್ಟೆಯಲ್ಲಿ ನಿಂತಿತು. ದೋಣಿ ಹತ್ತುವ ಮೊದಲು ಟಿಕೆಟ್ಟಿಗೆ ಎರಡನೇ ತೂತು ಹೊಡೆಯಬೇಕು, ಅದು ನಿಯಮ. ಅಕ್ಕ ಮೆಟ್ಟಿಲ ಬುಡದಲ್ಲಿ ಕೂತು ಹಳೇ ಅಭ್ಯಾಸದಂತೆ ತಲೆ ಎತ್ತದೆ ಬಂದ ಕೈಗಳಿಗೆಲ್ಲ ತೂತು ಹೊಡೆದುಕೊಟ್ಟಳು. ಬೆಳಿಗ್ಗೆ ಕಂಡಿಯಲ್ಲಿ ಕಂಡವೇ ಎಲ್ಲ: ಉಂಗುರದ ಕೈ, ನಕ್ಷೆ ಹಿಡಿದ ಮೇಷ್ಟರ ಕೈ, ಬಿಸಿಲಿಗೆ ಕಪ್ಪಾದ ಲಾರಿಯವನ ಕೈ. ಇದ್ದಕ್ಕಿದ್ದಂತೆ ಕೆಂಪು ಉಗುರಿನ ಒಂದು ಕೈ ಬಂತು. ಈ ಕೈಯನ್ನು ತಾನು ಬೆಳಿಗ್ಗೆ ನೋಡೇ ಇಲ್ಲ! ಅದರಲ್ಲಿ ಟಿಕೆಟ್ಟೂ ಇರಲಿಲ್ಲ.

ತಲೆ ಎತ್ತಿ ನೋಡಿದರೆ ಒಬ್ಬ ಎತ್ತರದ ಹೆಂಗಸು, ತಲೆಯ ಮೇಲೆ ಹಳದಿ ಟೋಪಿ, ಮುಖದ ತುಂಬ ನಗು.

"ನೀವು ಯಾರು ತಾಯೀ?"

"ನಾನು ಒಬ್ಬಳೇ ಊರು ನೋಡ್ತಾ ಇದ್ದೆ," ಅಂದಳು ಆಕೆ. "ಪೇಟೆಯಲ್ಲಿ ಬಿಸಿಲಿಗೆ ನನ್ನ ಮುಖ ಕೆಂಪಾಗಿತ್ತು. ಒಬ್ಬ ಅಜ್ಜಿ ತನ್ನ ಟೋಪಿ ತೆಗೆದು ನನಗೆ ಹಾಕಿದ್ರು. ಬೆರಳೆಲ್ಲ ನೀಲಿ ಇತ್ತು, ಪಾಪ. ಆಮೇಲೆ ಟೋಪಿ ಹಾಕ್ಕೊಂಡೋರೆಲ್ಲ ಬಸ್ ಹತ್ತಿದ್ರಲ್ಲ, ಟೋಪೀನೇ ಟಿಕೆಟ್ ಅಂದುಕೊಂಡು ನಾನೂ ಹತ್ತಿದೆ."

ಎಣಿಸಿದ್ದು ಟೋಪಿ! ಹತ್ತೊಂಬತ್ತು ವರ್ಷ ಕೈ ನೋಡಿದವಳು, ಯಾರದೋ ಮಾತು ಕೇಳಿ ಟೋಪಿ ಎಣಿಸಿ ಮುದುಕಿಯನ್ನು ಬಿಟ್ಟುಬಂದಿದ್ದಳು.

ಡ್ರೈವರ್ ಮಾಮ ದನಿ ತಗ್ಗಿಸಿದರು. "ಮ್ಯಾನೇಜರ್‌ಗೆ ಫೋನ್ ಮಾಡಬೇಡಿ ತಾಯಿ, ನಿಮ್ಮ ಬಿಲ್ಲೆ ಹೋಗುತ್ತೆ. ಬಸ್ಸು ವಾಪಸ್ ತರೋಣ ಅಂದ್ರೆ ಒನ್‌ವೇ, ಸುತ್ತಿಕೊಂಡು ಬರೋಕೆ ಅರ್ಧ ಗಂಟೆ ಬೇಕು."

"ಬಿಲ್ಲೆ ಹಾಳಾಗಲಿ ಮಾಮ, ಮೊದಲು ಅಜ್ಜಿ ಸಿಗಲಿ. ನೀವು ಸುತ್ತಿಕೊಂಡು ಪೇಟೆಗೆ ಬನ್ನಿ, ನಾವು ಕಾಲುಸೇತುವೆ ಮೇಲೆ ಓಡ್ತೀವಿ. ಅವರು ಎಲ್ಲಿರ್ತಾರೆ ಅಂತ ನನಗೆ ಗೊತ್ತು. ನಾನೇ ಬಾಯಿಬಿಟ್ಟು ಹೇಳಿದ್ದೆ."

ಮೈಕಿಲ್ಲದ ಗಂಟಲಲ್ಲಿ ಎಲ್ಲರಿಗೂ ಇದ್ದದ್ದು ಇದ್ದ ಹಾಗೆ ಹೇಳಿದಳು: ತಪ್ಪು ನನ್ನದು, ನಿಮ್ಮಲ್ಲೊಬ್ಬರನ್ನು ಬಿಟ್ಟುಬಂದಿದ್ದೇನೆ, ಹುಡುಕಲು ಹೋಗಬೇಕು, ದೋಣಿ ತಪ್ಪುತ್ತದೆ. ಗೊಣಗುತ್ತಾರೆ ಅಂದುಕೊಂಡಿದ್ದಳು. ಮೇಷ್ಟರು ಆಗಲೇ ನಕ್ಷೆಯನ್ನು ಜೇಬಿಗೆ ತುರುಕಿ ಬೂಟಿನ ದಾರ ಬಿಗಿಯುತ್ತಿದ್ದರು. ಲಾರಿಯವನು "ಓಡೋಣ!" ಅಂದ. ಕಾಲುಸೇತುವೆ ದಡದಡ ಅಂದಿತು. ಮುಂದೆ ಅಕ್ಕ, ಹಿಂದೆ ಇಪ್ಪತ್ತಾರು ಹಳದಿ ಟೋಪಿ, ಊರವರೆಲ್ಲ ಬಾಗಿಲಿಗೆ ಬಂದು ಬಾಯಿ ಬಿಟ್ಟುಕೊಂಡು ನೋಡಿದರು.

ಹಳೇ ಪೇಟೆಯ ಹಿಂದಿನ ಬೀದಿಗೆ ತಿರುಗುತ್ತಲೇ ಬಣ್ಣದ ಘಾಟು ಮೂಗಿಗೆ ಬಡಿಯಿತು. ಅಕ್ಕ ಹುಟ್ಟಿ ಬೆಳೆದ ಬೀದಿ. ವಾಸನೆ ಅಂತ ಕಂಪನಿಯವರು ಇದನ್ನು ತೋರಿಸುವ ಜಾಗಗಳ ಪಟ್ಟಿಗೇ ಸೇರಿಸಿರಲಿಲ್ಲ. ಎರಡೂ ಕಡೆ ಒಣಹಾಕಿದ ನೀಲಿ ಬಟ್ಟೆ, ನಡುವೆ ತೊಟ್ಟಿಗಳು. ಅಪ್ಪನ ಶಿಷ್ಯನಾಗಿದ್ದ ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅವರ ತೊಟ್ಟಿಯಲ್ಲಿ ಮೊಣಕೈವರೆಗೆ ತೋಳು ಅದ್ದಿಕೊಂಡು ಅಜ್ಜಿ!

"ಏ ಪುಟ್ಟೀ, ಈ ಯಮ್ಮ ನಿಮ್ಮ ಕಡೆಯೋರಾ?" ಚಿಕ್ಕಪ್ಪ ಕೂಗಿದರು. "ಬಂದೋಳೇ ತೋಳು ಮಡಿಸಿದಳು. ನನ್ನ ಬಣ್ಣ ತೆಳು ಅಂತೆ! ಮಾತು ಬರದೇ ಇದ್ರೂ ಜಗಳ ಚೆನ್ನಾಗಿ ಆಡ್ತಾಳೆ!"

ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಅಜ್ಜಿ ಒದ್ದೆ ಕೈಯಿಂದಲೇ ಆಕೆಯ ಕೆನ್ನೆ ಸವರಿ ಅರ್ಧ ಮುಖ ನೀಲಿ ಮಾಡಿದರು.

ಇನ್ನು ಉಳಿದವರನ್ನು ತಡೆಯುವವರು ಯಾರು? ಲಾರಿಯವನು ತನ್ನ ಕರವಸ್ತ್ರ ಅದ್ದಿ ಮೇಲೆತ್ತಿದ. ಹಸಿರು! ಎಲ್ಲರೂ "ಛೇ" ಅಂದರು. ಚಿಕ್ಕಪ್ಪ "ತಡೀರಿ" ಅಂತ ಬೆರಳೆತ್ತಿದರು. ಗಾಳಿ ತಾಗುತ್ತ ತಾಗುತ್ತ ಹಸಿರು ಕಣ್ಣೆದುರೇ ನೀಲಿಯಾಯಿತು. ಬೀದಿಯೇ ಹಾರಿಹೋಗುವ ಹಾಗೆ ಕೂಗೆದ್ದಿತು. ಕಾಲುಚೀಲ, ಅಂಗಿಯ ತೋಳು, ಒಬ್ಬಳ ಬಿಳಿ ಚೀಲ, ಕೈಗೆ ಸಿಕ್ಕಿದ್ದೆಲ್ಲ ತೊಟ್ಟಿಗಿಳಿಯಿತು.

ಬಸ್ಸು ನಿಲ್ದಾಣಕ್ಕೆ ಬಂದಾಗ ಒಂದೂವರೆ ಗಂಟೆ ತಡವಾಗಿತ್ತು. ಮ್ಯಾನೇಜರು ಗಡಿಯಾರ ನೋಡುತ್ತ ನಿಂತಿದ್ದರು, ಪಕ್ಕದಲ್ಲಿ ಮಫ್ಲರಿನ ಗೈಡಣ್ಣ. ಇಳಿಯುವ ಮೊದಲೇ ಡ್ರೈವರ್ ಮಾಮ "ಟೈರ್ ಪಂಕ್ಚರ್ ಅಂದುಬಿಡಿ" ಅಂತ ಹೇಳಿಕೊಟ್ಟಿದ್ದರು.

"ಹೋದೋರೆಲ್ಲ ಬಂದ್ರಾ ಅಕ್ಕಾ?"

ಅಕ್ಕ ಪಂಕ್ಚರಿನ ಮಾತೆತ್ತಲಿಲ್ಲ. "ಇಪ್ಪತ್ತಾರು ಜನ ಹೋಗಿದ್ರು. ಇಪ್ಪತ್ತೇಳು ಜನ ಬಂದಿದಾರೆ. ನಡುವೆ ಒಬ್ಬರನ್ನ ಕಳಕೊಂಡಿದ್ದೆ. ಟೋಪಿ ಎಣಿಸಿದ್ದೆ, ತಪ್ಪು ನನ್ನದೇ. ದೋಣಿನೂ ತಪ್ಪಿತು."

ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟರು ಅಡ್ಡ ಬಂದು ದೂರಿನ ಪುಸ್ತಕ ಕೇಳಿದರು. ಅವರು ಬರೆದು ಪೆನ್ನನ್ನು ಹಿಂದಿನವರಿಗೆ ಕೊಟ್ಟರು, ಹಿಂದಿನವರು ಅವರ ಹಿಂದಿನವರಿಗೆ. ಟಿಕೆಟ್ಟಿಲ್ಲದ ಕೆಂಪು ಉಗುರಿನವಳೂ ಬರೆದಳು. ಮುಗಿಯಿತು, ಗೂಡೂ ಹೋಯಿತು, ಮೈಕೂ ಹೋಯಿತು ಅಂತ ಅಕ್ಕ ಕತ್ತು ಬಗ್ಗಿಸಿ ನಿಂತಳು.

ಮ್ಯಾನೇಜರು ಪುಸ್ತಕ ತೆಗೆದುಕೊಂಡು ಓದಿದರು. ಪುಟದ ತುಂಬ ನೀಲಿ ಬೆರಳಚ್ಚು. ಎಲ್ಲರೂ ಬರೆದದ್ದು ಒಂದೇ ದೂರು: ಊರಿನಲ್ಲೇ ಚೆಂದದ ಜಾಗ ಬಣ್ಣದ ಬೀದಿ, ಅದು ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ?

"ಈ ಬೀದಿ ನಿನಗೆ ಗೊತ್ತೇನಯ್ಯಾ?" ಗೈಡಣ್ಣನನ್ನು ಕೇಳಿದರು. ಅವನು ಕೂದಲು ಕೆಡದ ಹಾಗೆ ನಿಧಾನವಾಗಿ ಇಲ್ಲವೆಂದು ತಲೆಯಾಡಿಸಿದ.

"ಅಕ್ಕಾ, ಒಂದು ದೂರು ಬಂದ್ರೂ ಮನೆಗೆ ಅಂದಿದ್ದೆ. ಇಪ್ಪತ್ತೇಳು ಬಂದಿವೆ." ಮ್ಯಾನೇಜರು ಮತ್ತೆ ಕತ್ತು ಕೆರೆದುಕೊಂಡರು. "ಇಷ್ಟೆಲ್ಲ ದೂರು ಸರಿಮಾಡಬೇಕು ಅಂದ್ರೆ ಆ ಬೀದಿ ಗೊತ್ತಿರೋರೇ ಬೇಕಲ್ಲ. ಬಿಲ್ಲೆ ತಗೊಳ್ಳಿ. ಮೊದಲು ಮುಖ ತೊಳ್ಕೊಂಡು ಬನ್ನಿ."

ಒಂದನೇ ತಾರೀಖು ಗೂಡು ಒಡೆದರು. ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ, ಅವಳಿಗೆ ಪುರುಸೊತ್ತೆಲ್ಲಿತ್ತು? ಡ್ರೈವರ್ ಮಾಮನೂ ಗಂಡನೂ ಸೇರಿ ಅತ್ತೆಯನ್ನು ಕುರ್ಚಿ ಸಮೇತ ಬಸ್ಸಿನ ಮಹಡಿಗೆ ಹೊತ್ತು ತಂದು ಮೊದಲ ಸೀಟಿನಲ್ಲಿ ಕೂರಿಸಿದ್ದರು. ಬಣ್ಣದ ಬೀದಿಯಿಂದ ಹೊರಡುವ ಮುನ್ನ ಅಕ್ಕ ಮೈಕು ಹಿಡಿದಳು. "ಟೋಪಿ ಹಾಗಿರಲಿ, ಎಲ್ಲರೂ ಕೈ ತೋರಿಸಿ!" ಅಷ್ಟೂ ನೀಲಿ ಕೈಗಳು ಮೇಲೆದ್ದವು. ಒಂದೊಂದನ್ನೇ ನೋಡಿ, ಅತ್ತೆಯ ಕೈಯನ್ನೂ ಸೇರಿಸಿ ಎಣಿಸಿ, ರೈಟ್ ಹೇಳಿದಳು.

ಬಸ್ಸು ಸೇತುವೆ ಹತ್ತಿತು. "ಬಲಗಡೆ ನೋಡಿ, ನದಿ," ಅಂದಳು ಅಕ್ಕ.

ಅತ್ತೆ ಎಂದಿನಂತೆ ಶ್ರದ್ಧೆಯಿಂದ ಬಲಕ್ಕೆ ಕತ್ತು ತಿರುಗಿಸಿದರು. ದಡದಿಂದ ದಡಕ್ಕೆ ತುಂಬಿ ಬಿಸಿಲಲ್ಲಿ ಹೊಳೆಯುತ್ತಿದ್ದ ನೀರನ್ನು ಸೇತುವೆ ಮುಗಿಯುವವರೆಗೂ ನೋಡಿದರು. ಆಮೇಲೆ ಸೊಸೆಯ ಕೈ ಹಿಡಿದು ಎಳೆದರು.

"ಇದನ್ನ ರಿಪೇರಿ ಮಾಡಿಸೋದು ಬೇಡ ಕಣೇ," ಅಂದರು. "ಹೀಗೇ ಇರಲಿ."