ಖಾನಸಾಹೇಬರ ಗಂಟಲು

ಖಾನಸಾಹೇಬರ ಗಂಟಲು ನೋಡೂದು ನನ್ನ ಕೈಲಿ ಆಗೂದಿಲ್ಲ. ಡಾಕ್ಟರ್ ಆಗಿ ಹಿಂಗ ಹೇಳಬಾರದು, ಆದ್ರ ಖರೇ.

ಅವರು ಹುಬ್ಬಳ್ಳಿಯ ಹಾಡುಗಾರರು. ಧಾರವಾಡದಾಗ ನನ್ನ ದವಾಖಾನಿಗೆ ಬಂದ್ರ ಔಷಧಕ್ಕಿಂತ ಹರಟಿನ ಹೆಚ್ಚು. ಆದ್ರ ಆವತ್ತು ಮಾತ ಇಲ್ಲ. ಜ್ವರ ಬಂದು ಹೋದಾಗಿನಿಂದ ದನಿ ಒಡದಿತ್ತು. ಇನ್ನ ಅದು ತಿರುಗಿ ಬರೂದಿಲ್ಲಂತ ಹೆದರಿ ಹಾಡೂದನ್ನ ಬಿಟ್ಟಿದ್ರು.

"ಬಾಯಿ ತೆರೀರಿ, ಆ ಅನ್ರಿ," ಅಂದೆ.

"ತಂಬೂರಿ ಇಲ್ಲದ ಹೆಂಗ ಅನ್ಲಿ, ಡಾಕ್ಟರಸಾಹೇಬ?" ಅಂತ ಪಿಸುಗುಟ್ಟಿದ್ರು.

ಬ್ಯಾರೆಯವರಾಗಿದ್ರ ಬೈತಿದ್ದೆ. ಅವರ ಸಲುವಾಗೆ ಮನ್ಯಾಗ ಇಟ್ಟಿದ್ದ ತಂಬೂರಿ ತಂದುಕೊಟ್ಟು, ಅವರು ಶ್ರುತಿ ಮಾಡೂತನಕ ಬ್ಯಾಟರಿ ಹಿಡಕೊಂಡು ಕುಂತೆ. ಬಾಯಿ ತೆರೆದು ಷಡ್ಜ ಹಚ್ಚಿದ್ರು. ಮೊದಲು ದನಿ ನಡುಗಿತು, ಆಮ್ಯಾಲೆ ಗಟ್ಟಿಯಾತು. ಹೊರಗ ಬೆಂಚಿನ ಮ್ಯಾಲೆ ಕೆಮ್ಮತಿದ್ದವರೂ ಸುಮ್ಮನಾದ್ರು.

"ಏನ್ ಕಂಡಿತ್ರಿ?" ಅಂತ ಖಾನಸಾಹೇಬರು ಕೇಳಿದಾಗ ನಾ ಕಣ್ಣು ತೆರೆದೆ. ಬ್ಯಾಟರಿ ನನ್ನ ತೊಡಿ ಮ್ಯಾಲೆ ಉರಿಯಾಕತ್ತಿತ್ತು.

"ನೋಡೂದ ಮರತೆನ್ರಿ. ಆದ್ರ ನಿಮ್ಮ ದನಿ ಎಲ್ಲೂ ಹೋಗಿಲ್ಲ."

ಅವರು ನನ್ನ ಕೈ ಹಿಡಕೊಂಡ್ರು, ಭಾಳ ಹೊತ್ತು ಬಿಡಲಿಲ್ಲ.

ಆವತ್ತಿನಿಂದ ಗಂಟಲ ಸಲುವಾಗಿ ಅವರನ್ನ ಹುಬ್ಬಳ್ಳಿಯ ಇನ್ನೊಬ್ಬ ಡಾಕ್ಟರ ಕಡೆ ಕಳಸ್ತೀನಿ. ಆ ಮನಷ್ಯಾಗ ಸಂಗೀತದ ಗಂಧ ಇಲ್ಲ. ಅಲ್ಲೆ ತೋರಿಸಿಕೊಂಡು ಖಾನಸಾಹೇಬರು ಸೀದಾ ರೈಲು ಹತ್ತಿ ನನ್ನ ಕಡೆ ಬರ್ತಾರ. ತಂಬೂರಿ ತೊಗೊಂಡು ಕುಂಡರ್ತಾರ.

"ಅವರು ನೋಡ್ಯಾರ," ಅಂತಾರ. "ಈಗ ನೀವು ಕೇಳ್ರಿ."